ಚಾಗಸ್ ಕಾಯಿಲೆ ಹರಡುವ ತಿಗಣೆಗಳು, ಅವು ಸೇರಿಕೊಳ್ಳುವ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಾಗಸ್ ಕಾಯಿಲೆಯ ಪ್ರಸ್ತಾಪ ಬಂದಾಗ ಮಾತು ಸಾಮಾನ್ಯವಾಗಿ ಹೃದಯದ ಕಡೆಗೆ ಹೊರಳುತ್ತದೆ. ಅದು ಸಹಜವೂ ಹೌದು. ಇಲ್ಲಿರುವ ಪ್ರಶ್ನೆಗಳು ಅದಕ್ಕೂ ಹಿಂದಿನ ಹಂತಕ್ಕೆ ಸೇರಿದವು. ರೋಗಾಣುವನ್ನು ಹೊತ್ತು ತರುವ ತಿಗಣೆ ಯಾವುದು, ಅದು ಮನೆಯ ಯಾವ ಮೂಲೆಯಲ್ಲಿ ಬದುಕುತ್ತದೆ, ಒಮ್ಮೆ ನಿರ್ಮೂಲ ಮಾಡಿದ ಮೇಲೆ ಮತ್ತೆ ಬಾರದಂತೆ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಚಾಗಸ್ ಕಾಯಿಲೆ ಎಂದರೇನು? ಅದು ಎಲ್ಲೆಲ್ಲಿ ಇದೆ?

ಟ್ರಿಪನೊಸೋಮ ಕ್ರೂಜಿ ಎಂಬ ಏಕಕೋಶ ಪರೋಪಜೀವಿಯಿಂದ ಬರುವ ಕಾಯಿಲೆ ಇದು. ಮೆಕ್ಸಿಕೊದಿಂದ ಅರ್ಜೆಂಟೀನದವರೆಗೆ ಲ್ಯಾಟಿನ್ ಅಮೆರಿಕದ 21 ದೇಶಗಳಲ್ಲಿ ಅದು ನೆಲೆಯೂರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸೋಂಕಿತರ ಸಂಖ್ಯೆ ಸುಮಾರು 70 ಲಕ್ಷ. ಸೋಂಕು ತಗುಲಿದ ಮೊದಲ ಒಂದೆರಡು ತಿಂಗಳಲ್ಲಿ ಕೆಲವರಿಗೆ ಜ್ವರ, ಸುಸ್ತು ಕಾಣಿಸಿಕೊಳ್ಳಬಹುದು. ಬಹಳ ಮಂದಿಗೆ ಏನೂ ಗೊತ್ತೇ ಆಗುವುದಿಲ್ಲ. ಆಮೇಲೆ ಪರೋಪಜೀವಿ ಹೃದಯದ ಮತ್ತು ಜೀರ್ಣಾಂಗಗಳ ಸ್ನಾಯುಗಳಲ್ಲಿ ಅಡಗಿ ಕೂರುತ್ತದೆ. ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಕಳೆದ ಮೇಲೆ ಸೋಂಕಿತರಲ್ಲಿ ಶೇಕಡ 20ರಿಂದ 30ರಷ್ಟು ಮಂದಿಯ ಹೃದಯ ಹಾಳಾಗುತ್ತದೆ: ಬಡಿತ ತಪ್ಪುತ್ತದೆ, ಹೃದಯ ಹಿಗ್ಗುತ್ತದೆ, ಕೆಲವರು ಹಠಾತ್ತನೆ ಸಾಯುತ್ತಾರೆ. ಇನ್ನು ಕೆಲವರ ಅನ್ನನಾಳ ಅಥವಾ ದೊಡ್ಡ ಕರುಳು ಹಿಗ್ಗಿ ತನ್ನ ಕೆಲಸ ನಿಲ್ಲಿಸುತ್ತದೆ. ಮಗುವಾಗಿದ್ದಾಗ ಮಲಗಿದ ಕೋಣೆಯ ಗೋಡೆಗೂ ನಲವತ್ತೈದನೆಯ ವಯಸ್ಸಿನಲ್ಲಿ ಕೈಕೊಡುವ ಹೃದಯಕ್ಕೂ ಇರುವ ಈ ನಂಟು ಕಣ್ಣಿಗೆ ಬೀಳದೆ ಇರುವುದರಿಂದಲೇ ಕಾಯಿಲೆ ಇಷ್ಟು ಕಾಲ ಉಪೇಕ್ಷೆಗೆ ಒಳಗಾಯಿತು.

ತಿಗಣೆಯಿಂದ ಬರುತ್ತದೆ ಎಂದು ಮೊದಲು ಕಂಡುಹಿಡಿದವರು ಯಾರು?

ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್. ಮಿನಾಸ್ ಜೆರೈಸ್ ರಾಜ್ಯದ ಲಸಾನ್ಸಿ ಎಂಬ ಊರಿನಲ್ಲಿ ರೈಲುಮಾರ್ಗದ ಕೂಲಿಗಳನ್ನು ಕಾಡುತ್ತಿದ್ದ ಮಲೇರಿಯಾವನ್ನು ಹತೋಟಿಗೆ ತರಲು ಅವರನ್ನು ಕಳಿಸಲಾಗಿತ್ತು. ರೈಲು ಗಾಡಿಯೊಂದೇ ಅವರಿಗೆ ಮನೆ, ಅದೇ ಪ್ರಯೋಗಾಲಯ. ರಾತ್ರಿ ಹೊತ್ತು ಮಲಗಿದವರ ಮುಖಕ್ಕೆ ಬಂದು ರಕ್ತ ಹೀರುವ, ಆ ಕಾರಣಕ್ಕೆ ಊರವರು ‘ಬಾರ್ಬೇರೊ’ ಅಂದರೆ ಕ್ಷೌರಿಕ ಎಂದು ಕರೆಯುತ್ತಿದ್ದ ತಿಗಣೆಯನ್ನು ರೈಲ್ವೆಯ ಒಬ್ಬ ಎಂಜಿನಿಯರ್ ಅವರಿಗೆ ತೋರಿಸಿದರು. ಅದರ ಹಿಂಗರುಳಿನಲ್ಲಿ ಚಾಗಸ್ ಈಜಾಡುವ ಸೂಕ್ಷ್ಮಜೀವಿಯನ್ನು ಕಂಡರು, ತಮ್ಮ ಗುರು ಓಸ್ವಾಲ್ಡೊ ಕ್ರೂಜ್ ಅವರ ಹೆಸರನ್ನು ಅದಕ್ಕೆ ಇಟ್ಟರು. 1909ರ ಏಪ್ರಿಲ್ 14ರಂದು ಬೆರೆನಿಸ್ ಎಂಬ ಎರಡು ವರ್ಷದ ಮಗುವಿನ ರಕ್ತದಲ್ಲಿ ಅದೇ ಜೀವಿ ಸಿಕ್ಕಿತು. ರೋಗಾಣು, ಅದನ್ನು ಹೊರುವ ಕೀಟ, ರೋಗ ಈ ಮೂರನ್ನೂ ಒಬ್ಬನೇ ವ್ಯಕ್ತಿ ಕಂಡುಹಿಡಿದ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಬಹಳ ಅಪರೂಪ. ಏಪ್ರಿಲ್ 14 ಈಗ ವಿಶ್ವ ಚಾಗಸ್ ಕಾಯಿಲೆ ದಿನ.

ಈ ತಿಗಣೆ ನಮ್ಮ ಹಾಸಿಗೆಯ ತಿಗಣೆಯೇ? ಗುರುತಿಸುವುದು ಹೇಗೆ?

ಅಲ್ಲ. ಹಾಸಿಗೆಯ ತಿಗಣೆ ಹುರುಳಿಕಾಳಿನಷ್ಟು ಚಿಕ್ಕದು, ರೆಕ್ಕೆಯಿಲ್ಲದ್ದು. ಚಾಗಸ್ ಹರಡುವ ಟ್ರಯಾಟೊಮಿನ್ ತಿಗಣೆಗಳು ಬೇರೆಯೇ ಒಂದು ಕುಟುಂಬಕ್ಕೆ ಸೇರಿವೆ. ಬೆಳೆದ ತಿಗಣೆ ಸಾಮಾನ್ಯವಾಗಿ 2ರಿಂದ 3 ಸೆಂಟಿಮೀಟರ್ ಉದ್ದವಿರುತ್ತದೆ. ಬಣ್ಣ ಕಂದು ಅಥವಾ ಕಪ್ಪು, ರೆಕ್ಕೆಯಾಚೆ ಇಣುಕುವ ಹೊಟ್ಟೆಯ ಅಂಚಿನಲ್ಲಿ ಹಳದಿ, ಕಿತ್ತಳೆ ಅಥವಾ ಕೆಂಪು ಪಟ್ಟೆಗಳು, ಮುಂದಕ್ಕೆ ಚಾಚಿದ ಕೋನಾಕಾರದ ತಲೆ. ನಿಖರವಾಗಿ ಗುರುತಿಸಬೇಕಾದರೆ ತಲೆಯ ಕೆಳಗೆ ಮಡಿಸಿಟ್ಟ ಸೊಂಡಿಲನ್ನು ನೋಡಬೇಕು. ಅದು ನೆಟ್ಟಗೆ, ತೆಳ್ಳಗೆ, ಮೂರು ತುಂಡಾಗಿದ್ದು ಮುಂಗಾಲುಗಳ ಬುಡದಾಚೆಗೆ ಹೋಗದಿದ್ದರೆ ರಕ್ತ ಹೀರುವ ಜಾತಿ ಎಂದು ತಿಳಿಯಬಹುದು. ಬೇರೆ ಕೀಟಗಳನ್ನು ಬೇಟೆಯಾಡುವ ಅದರ ದಾಯಾದಿಗಳ ಸೊಂಡಿಲು ದಪ್ಪಗಿದ್ದು ಬಾಗಿರುತ್ತದೆ, ಗಿಡದ ರಸ ಹೀರುವ ತಿಗಣೆಗಳದ್ದು ಉದ್ದವಾಗಿ ಹೊಟ್ಟೆಯ ಕಡೆಗೆ ಚಾಚಿರುತ್ತದೆ. ತೋಟದಲ್ಲಿ ಸಿಕ್ಕ ತಿಗಣೆಯನ್ನೆಲ್ಲ ಅನುಮಾನಿಸಿ ಗಾಬರಿಯಾಗುವವರು ಇದೊಂದನ್ನು ಕಲಿತುಕೊಂಡರೂ ಸಾಕು.

ಊರೂರಿಗೂ ಇದಕ್ಕೆ ಬೇರೆ ಬೇರೆ ಹೆಸರು. ಬೊಲಿವಿಯ, ಅರ್ಜೆಂಟೀನಗಳಲ್ಲಿ ವಿಂಚುಕ, ವೆನೆಜುವೆಲದಲ್ಲಿ ಚಿಪೊ, ಕೊಲಂಬಿಯದಲ್ಲಿ ಪಿಟೊ, ಪೆರುವಿನಲ್ಲಿ ಚಿರಿಮಾಚ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಿಸ್ಸಿಂಗ್ ಬಗ್.

ಅದು ರಕ್ತ ಹೀರುವಾಗ ರೋಗ ಹೇಗೆ ದಾಟುತ್ತದೆ?

ಸೊಳ್ಳೆಯ ಹಾಗೆ ಜೊಲ್ಲಿನ ಮೂಲಕ ಅಲ್ಲ, ಮಲದ ಮೂಲಕ. ಹಗಲೆಲ್ಲ ಗೋಡೆಯ ಸೀಳಿನಲ್ಲಿ ಕುಳಿತ ತಿಗಣೆ ದೀಪ ಆರಿದ ಮೇಲೆ ಹೊರಬರುತ್ತದೆ. ಮಲಗಿದವರ ಉಸಿರು, ಮೈಯ ಬಿಸಿ ಅದಕ್ಕೆ ದಾರಿ ತೋರಿಸುತ್ತವೆ. ಹೊದಿಕೆಯ ಹೊರಗೆ ಉಳಿಯುವುದು ಮುಖ ಮತ್ತು ಕೈಗಳಾದ್ದರಿಂದ ಅಲ್ಲಿಯೇ ಚುಚ್ಚುತ್ತದೆ. ಜೊಲ್ಲಿನಲ್ಲಿ ನೋವನ್ನು ಅಡಗಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶಗಳಿರುವುದರಿಂದ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಚಾರ್ಲ್ಸ್ ಡಾರ್ವಿನ್ 1835ರಲ್ಲಿ ದಕ್ಷಿಣ ಅಮೆರಿಕದಲ್ಲಿ ಪ್ರವಾಸ ಮಾಡುತ್ತಿದ್ದಾಗ ಇಂತಹ ಒಂದು ತಿಗಣೆಯನ್ನು ಮೇಜಿನ ಮೇಲೆ ಬಿಟ್ಟು ನೋಡಿದ್ದರು. ಬೆರಳು ಮುಂದಿಟ್ಟರೆ ಸಾಕು, ಸುತ್ತ ಜನರಿದ್ದರೂ ಅದು ನುಗ್ಗಿ ಬಂದು ಚುಚ್ಚುತ್ತಿತ್ತು. ಹಪ್ಪಳದಂತೆ ಚಪ್ಪಟೆಯಾಗಿದ್ದ ಮೈ ಹತ್ತು ನಿಮಿಷದೊಳಗೆ ಉಂಡೆಯಾಯಿತು. ಆ ಒಂದು ಊಟ ಅದನ್ನು ನಾಲ್ಕು ತಿಂಗಳು ದಷ್ಟಪುಷ್ಟವಾಗಿ ಇಟ್ಟಿತ್ತು.

ಹೀಗೆ ಹೊಟ್ಟೆ ಬಿರಿಯುವಷ್ಟು ಹೀರಿದ ತಿಗಣೆ ಜಾಗ ಮಾಡಿಕೊಳ್ಳಲು ಅಲ್ಲಿಯೇ, ಚರ್ಮದ ಮೇಲೆಯೇ, ಹನಿಯಷ್ಟು ಮಲ ಹಾಕುತ್ತದೆ. ತಿಗಣೆಗೆ ಸೋಂಕಿದ್ದರೆ ಪರೋಪಜೀವಿ ಇರುವುದು ಆ ಹನಿಯಲ್ಲಿ. ಸ್ವಲ್ಪ ಹೊತ್ತಿಗೆ ನವೆ ಶುರುವಾಗಿ ನಿದ್ದೆಗಣ್ಣಿನಲ್ಲಿ ಕೆರೆದುಕೊಂಡಾಗ ಅದು ಗಾಯದೊಳಕ್ಕೆ, ಅಥವಾ ಅದೇ ಕೈಯಲ್ಲಿ ಕಣ್ಣುಜ್ಜಿದರೆ ಕಣ್ಣಿನ ಲೋಳೆಪೊರೆಯೊಳಕ್ಕೆ ಸೇರುತ್ತದೆ. ಮಗುವಿನ ಒಂದೇ ಕಣ್ಣಿನ ರೆಪ್ಪೆ ನೋವಿಲ್ಲದೆ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಳ್ಳುವುದು ಹೊಸ ಸೋಂಕಿನ ಪ್ರಸಿದ್ಧ ಗುರುತು; ಅರ್ಜೆಂಟೀನದ ಸೆಸಿಲಿಯೊ ರೊಮಾನ್ಯ 1935ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ಎಲ್ಲರಲ್ಲಿಯೂ ಈ ಗುರುತು ಕಾಣುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ಒಂದು ಸಲ ಕಚ್ಚಿದರೆ ಕಾಯಿಲೆ ಖಂಡಿತವೇ?

ಖಂಡಿತ ಅಲ್ಲ. ತಿಗಣೆ ಹುಟ್ಟುವಾಗ ಸೋಂಕನ್ನು ಹೊತ್ತು ಹುಟ್ಟುವುದಿಲ್ಲ. ಸೋಂಕಿರುವ ಪ್ರಾಣಿಯ ಅಥವಾ ಮನುಷ್ಯರ ರಕ್ತ ಕುಡಿದ ಮೇಲೆ ಮಾತ್ರ ಅದಕ್ಕೆ ಸೋಂಕು, ಅಲ್ಲಿಂದ ಮುಂದೆ ಜೀವನಪೂರ್ತಿ. ಸೋಂಕಿರುವ ತಿಗಣೆ ಕಚ್ಚಿದಾಗಲೂ ಪರೋಪಜೀವಿ ದಾಟುವುದು ವಿರಳ. ಒಂದು ಅಂದಾಜಿನ ಪ್ರಕಾರ ಇಂತಹ 900ರಿಂದ 4000 ಸಂಪರ್ಕಗಳಲ್ಲಿ ಒಂದರಿಂದ ಮನುಷ್ಯರಿಗೆ ಸೋಂಕಾಗುತ್ತದೆ.

ಈ ಲೆಕ್ಕವನ್ನು ಸಮಾಧಾನದ ಮಾತಾಗಿ ಮಾತ್ರ ಓದಬಾರದು. ದಾರಿಯಲ್ಲಿ ಹೋಗುವವನಿಗೆ ಅಪಾಯ ಕಡಿಮೆ. ನೂರಾರು ತಿಗಣೆಗಳಿರುವ ಮನೆಯಲ್ಲಿ ಹುಟ್ಟಿ, ಪ್ರತಿ ರಾತ್ರಿಯೂ ಅಲ್ಲಿಯೇ ಮಲಗುವ ಮಗುವಿಗೆ ನಾಲ್ಕು ಸಾವಿರ ಸಂಪರ್ಕ ಎಂಬುದು ಕೆಲವೇ ವರ್ಷಗಳ ಮಾತು. ಚಾಗಸ್ ಕಾಯಿಲೆ ಕಚ್ಚುವಿಕೆಯ ಕಾಯಿಲೆ ಎನ್ನುವುದಕ್ಕಿಂತ ತಿಗಣೆಯ ಜೊತೆ ಒಂದೇ ಸೂರಿನಡಿ ವರ್ಷಗಟ್ಟಲೆ ಬಾಳಿದ್ದರ ಕಾಯಿಲೆ ಎನ್ನುವುದು ಹೆಚ್ಚು ಸರಿ. ಮನೆಯಲ್ಲಿನ ತಿಗಣೆಗಳ ಸಂಖ್ಯೆಯನ್ನು ಇಳಿಸುವುದಕ್ಕೆ ಅಷ್ಟೊಂದು ಬೆಲೆ ಇರುವುದು ಇದೇ ಕಾರಣಕ್ಕೆ.

ಎಲ್ಲ ಜಾತಿಗಳೂ ಮನೆ ಸೇರುತ್ತವೆಯೇ?

ಇಲ್ಲ. ಟ್ರಯಾಟೊಮಿನ್‌ಗಳಲ್ಲಿ 150ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಕಾಡಿನಲ್ಲಿ, ಹಕ್ಕಿಗೂಡು, ಇಲಿಬಿಲ, ತಾಳೆಮರದ ಗರಿ, ಬಂಡೆಯ ಸಂದುಗಳಲ್ಲಿ ಬದುಕು ಸಾಗಿಸುತ್ತವೆ. ಮನುಷ್ಯರ ಮನೆಯನ್ನೇ ತಮ್ಮದಾಗಿಸಿಕೊಂಡವು ಕೆಲವೇ. ಬೊಲಿವಿಯ, ಅರ್ಜೆಂಟೀನ, ಪರಾಗ್ವೆ, ಪೆರುಗಳಲ್ಲಿ ಟ್ರಯಾಟೊಮ ಇನ್‌ಫೆಸ್ಟನ್ಸ್, ಕೊಲಂಬಿಯ ಮತ್ತು ವೆನೆಜುವೆಲದಲ್ಲಿ ರಾಡ್ನಿಯಸ್ ಪ್ರೊಲಿಕ್ಸಸ್, ಮೆಕ್ಸಿಕೊದಿಂದ ಈಕ್ವೆಡಾರ್‌ವರೆಗೆ ಟ್ರಯಾಟೊಮ ಡಿಮಿಡಿಯೇಟ ಮುಖ್ಯವಾದವು. ಯಾವ ಜಾತಿ ಎಂಬುದು ವಿದ್ವಾಂಸರಿಗೆ ಮಾತ್ರ ಬೇಕಾದ ವಿವರವಲ್ಲ: ಮನೆಯೊಳಗಷ್ಟೇ ಬದುಕುವ ಜಾತಿಯನ್ನು ಒಂದು ದೇಶದಿಂದಲೇ ಅಳಿಸಿಹಾಕಬಹುದು, ಕಾಡಿನಿಂದ ಮನೆಗೆ ಹೋಗಿಬರುವ ಜಾತಿಯನ್ನು ಹಾಗೆ ಅಳಿಸಲಾಗದು. ರಾಡ್ನಿಯಸ್ ಮೊಟ್ಟೆಯನ್ನು ಗರಿಗಳಿಗೆ ಅಂಟಿಸುತ್ತದೆ. ಸೂರಿಗೆ ಹೊದಿಸಲೆಂದು ಕಾಡಿನಿಂದ ತಂದ ತಾಳೆಗರಿಯ ಜೊತೆಯಲ್ಲಿಯೇ ಅದು ಮನೆಯೊಳಕ್ಕೆ ಬಂದುಬಿಡುತ್ತದೆ.

ಅವು ಗೋಡೆಯಲ್ಲಿ ಹೇಗೆ ಬದುಕುತ್ತವೆ?

ಕೋಲು ನೆಟ್ಟು, ಅಡ್ಡಕಡ್ಡಿ ಹೆಣೆದು, ಮೇಲೆ ಕೆಸರು ಮೆತ್ತಿ ಒಣಗಲು ಬಿಟ್ಟ ಗೋಡೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಿಸಿಲಿಗೆ ಮಣ್ಣು ಕುಗ್ಗಿದಾಗ ಕೋಲಿಗೂ ಮಣ್ಣಿಗೂ ನಡುವೆ ಬೆರಳ ತುದಿ ಹೋಗದಷ್ಟು ಸಣ್ಣ ಸೀಳು ಬೀಳುತ್ತದೆ. ಹೊಟ್ಟೆ ಖಾಲಿಯಿರುವ ತಿಗಣೆ ಕಾಗದದಷ್ಟು ತೆಳ್ಳಗಿರುವುದರಿಂದ ಅದಕ್ಕೆ ಅಷ್ಟು ಸೀಳು ಧಾರಾಳವಾಯಿತು. ಅಲ್ಲಿ ಬೆಳಕಿಲ್ಲ, ಗಾಳಿಯಿಲ್ಲ, ಒಂದು ಮೊಳ ದೂರದಲ್ಲಿ ಹಾಸಿಗೆ. ಮೊಟ್ಟೆಯಿಂದ ಹೊರಬಂದ ಮರಿ ಐದು ಸಲ ಪೊರೆ ಕಳಚಿ ದೊಡ್ಡದಾಗಬೇಕು, ಪ್ರತಿ ಸಲವೂ ಅದಕ್ಕೆ ರಕ್ತ ಬೇಕು. ಗಂಡು, ಹೆಣ್ಣು, ಮರಿ ಎಲ್ಲವೂ ರಕ್ತವನ್ನೇ ನೆಚ್ಚಿರುವುದರಿಂದ ಮನೆಯಲ್ಲಿರುವ ಒಂದೊಂದು ತಿಗಣೆಯೂ ರೋಗ ಹರಡಬಲ್ಲದು. ಬೆಳೆಯಲು ಹಲವು ತಿಂಗಳು ಹಿಡಿಯುತ್ತದೆ. ಊಟ ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸವೂ ಇರಬಲ್ಲದು. ಸ್ವಲ್ಪ ದಿನ ಮನೆ ಖಾಲಿ ಬಿಟ್ಟರೆ ಅವು ಸತ್ತುಹೋಗುತ್ತವೆ ಎಂಬ ನಂಬಿಕೆ ತಪ್ಪು.

ನಾಯಿ, ಬೆಕ್ಕು, ಕೋಳಿಗಳಿಂದ ಅಪಾಯ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಆದರೆ ಒಂದೊಂದರಿಂದ ಒಂದೊಂದು ರೀತಿ. ಕೋಳಿಗೆ ಟ್ರಿಪನೊಸೋಮ ಕ್ರೂಜಿ ತಗುಲುವುದೇ ಇಲ್ಲ, ಹಕ್ಕಿಗಳಿಗೆ ಆ ಸೋಂಕಿಲ್ಲ. ಹೀಗಿದ್ದರೂ ಕೋಳಿ ತಿಗಣೆಗೆ ಸಮೃದ್ಧ ಆಹಾರ. ಮಂಚದ ಕೆಳಗೆ ಕಾವಿಗೆ ಕೂರಿಸಿದ ಒಂದು ಹೇಂಟೆ ನೂರಾರು ತಿಗಣೆಗಳನ್ನು ಸಾಕುತ್ತದೆ. ನಾಯಿ, ಬೆಕ್ಕುಗಳು ಸೋಂಕನ್ನು ಹೊತ್ತಿರುತ್ತವೆ, ತಮ್ಮ ರಕ್ತ ಕುಡಿದ ತಿಗಣೆಗೆ ಅದನ್ನು ದಾಟಿಸುತ್ತವೆ. ಅರ್ಜೆಂಟೀನದ ಸಾಂಟಿಯಾಗೊ ಡೆಲ್ ಎಸ್ಟೆರೊ ಪ್ರಾಂತ್ಯದ ಹಳ್ಳಿಗಳಲ್ಲಿ ದೀರ್ಘಕಾಲ ನಡೆದ ಅಧ್ಯಯನಗಳು, ಮಲಗುವ ಕೋಣೆಯಲ್ಲಿ ಸೋಂಕಿರುವ ಒಂದೆರಡು ನಾಯಿಗಳಿದ್ದರೂ ಆ ಮನೆಯಲ್ಲಿ ಕಾಯಿಲೆ ಆರದೆ ಉರಿಯುತ್ತಿರುತ್ತದೆ ಎಂದು ತೋರಿಸಿಕೊಟ್ಟವು. ಪೆರುವಿನ ಅರೆಕಿಪ ನಗರದಲ್ಲಿ ಊಟಕ್ಕೆಂದು ಹಿತ್ತಿಲಲ್ಲಿ ಸಾಕುವ ಗಿನಿಯಿಲಿಗಳ ಗೂಡುಗಳೇ ತಿಗಣೆಯ ತವರು. ಚಾಗಸ್ ಹಳ್ಳಿಗೆ ಮಾತ್ರ ಸೇರಿದ್ದು ಎಂಬ ಮಾತನ್ನು ಆ ಊರು ಸುಳ್ಳುಮಾಡಿದೆ.

ಪ್ರಾಣಿಗಳನ್ನು ಬಿಟ್ಟುಬಿಡಿ ಎಂದು ಬಡ ರೈತರಿಗೆ ಹೇಳುವುದು ನ್ಯಾಯವಲ್ಲ. ರಾತ್ರಿ ಅವುಗಳನ್ನು ಮಲಗುವ ಕೋಣೆಯಿಂದ ಹೊರಗಿಡುವುದು, ಕೋಳಿಗೂಡನ್ನು ಮನೆಯ ಗೋಡೆಗೆ ಆನಿಸದೆ ದೂರದಲ್ಲಿ ಕಟ್ಟುವುದು, ಗೂಡನ್ನು ಆಗಾಗ ಖಾಲಿ ಮಾಡಿ ಸ್ವಚ್ಛಗೊಳಿಸುವುದು ಸಾಧ್ಯವಾಗುವ ಕೆಲಸಗಳು. ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಸವರಿದ ಕೊರಳಪಟ್ಟಿಯನ್ನು ನಾಯಿಗೆ ಕಟ್ಟಿದರೆ ಅದನ್ನು ಕಚ್ಚುವ ತಿಗಣೆಗಳು ಕಡಿಮೆಯಾಗುತ್ತವೆ.

ಮನೆಯಲ್ಲಿ ತಿಗಣೆ ಸೇರಿಕೊಂಡಿದೆ ಎಂದು ತಿಳಿಯುವುದು ಹೇಗೆ?

ತಿಗಣೆಗಿಂತ ಮೊದಲು ಅದರ ಗುರುತುಗಳು ಕಾಣುತ್ತವೆ. ಹಾಸಿಗೆಯ ಹಿಂದಿನ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಇಳಿದ ಕಪ್ಪು ಮತ್ತು ಬಿಳಿಯ ಗೆರೆಗಳು ತಿಗಣೆಯ ಹಿಕ್ಕೆ. ಸಂದುಗಳಲ್ಲಿ ಒಣಗಿದ ಪೊರೆ, ಒಡೆದ ಮೊಟ್ಟೆಯ ಸಿಪ್ಪೆ ಸಿಗುತ್ತವೆ. ಗೋಡೆಗೆ ನೇತುಹಾಕಿದ ಪಟ, ಕ್ಯಾಲೆಂಡರ್, ಬಟ್ಟೆಗಳ ಹಿಂಬದಿ, ಮಂಚದ ಕೀಲು, ಹಾಸಿಗೆಯ ಅಂಚು, ಪೇರಿಸಿಟ್ಟ ಸೌದೆ, ಇಟ್ಟಿಗೆ ರಾಶಿ ಇವನ್ನೆಲ್ಲ ನೋಡಬೇಕು. ನಿಯಂತ್ರಣ ಕಾರ್ಯಕ್ರಮದ ಸಿಬ್ಬಂದಿ ಟಾರ್ಚು, ಚಿಮಟ ಹಿಡಿದು, ಬಿರುಕಿನೊಳಕ್ಕೆ ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕದ ದ್ರವವನ್ನು ಸ್ವಲ್ಪವೇ ಊದಿ, ಕೆರಳಿ ಹೊರಬರುವ ತಿಗಣೆಗಳನ್ನು ಎಣಿಸುತ್ತಾರೆ. ಗೋಡೆಗೆ ಬಿಳಿ ಹಾಳೆಯೊಂದನ್ನು ಅಂಟಿಸಿಟ್ಟು ಕೆಲವು ವಾರಗಳ ನಂತರ ಅದರ ಮೇಲೆ ಹಿಕ್ಕೆಯ ಕಲೆ ಬಿದ್ದಿದೆಯೇ ಎಂದು ನೋಡುವುದು ಇನ್ನೂ ಸುಲಭದ ವಿಧಾನ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದದ್ದು ಆ ಮನೆಯವರ ಕಣ್ಣು. ವರ್ಷಕ್ಕೊಮ್ಮೆ ಬಂದು ಅರ್ಧ ಗಂಟೆ ಹುಡುಕುವ ನೌಕರನ ಕಣ್ಣು ತಪ್ಪಿಸುವ ಒಂದೆರಡು ತಿಗಣೆಗಳು ದಿನವೂ ಆ ಮನೆಯನ್ನು ಗುಡಿಸುವ ಹೆಂಗಸಿಗೆ ಕಾಣುತ್ತವೆ. ಹಿಡಿದ ತಿಗಣೆಯನ್ನು ಡಬ್ಬಿಗೆ ಹಾಕಿ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ವ್ಯವಸ್ಥೆ, ತಲುಪಿಸಿದ ಮೇಲೆ ತಡಮಾಡದೆ ಬಂದು ಔಷಧಿ ಹೊಡೆಯುವ ಏರ್ಪಾಡು ಎರಡೂ ಇದ್ದ ಊರುಗಳಲ್ಲಿ ತಿಗಣೆ ಮತ್ತೆ ಬೇರೂರುವುದು ಕಷ್ಟ. ಡಬ್ಬಿ ಕೊಟ್ಟು ಬಂದವರ ಮನೆಗೆ ಯಾರೂ ಬಾರದಿದ್ದರೆ ಮುಂದಿನ ಸಲ ಅವರು ಡಬ್ಬಿ ತರುವುದಿಲ್ಲ.

ಕೀಟನಾಶಕ ಎಷ್ಟು ಪರಿಣಾಮಕಾರಿ?

ಬಹಳ ಪರಿಣಾಮಕಾರಿ ಎಂದು ಇತಿಹಾಸವೇ ಹೇಳುತ್ತದೆ. ಗೋಡೆಯ ಒಳಮೈ, ಸೂರಿನ ಒಳಭಾಗ, ಮಂಚ, ಕೊಟ್ಟಿಗೆ, ಕೋಳಿಗೂಡು ಎಲ್ಲಕ್ಕೂ ಡೆಲ್ಟಾಮೆಥ್ರಿನ್‌ನಂತಹ ಪೈರೆಥ್ರಾಯ್ಡ್‌ಗಳನ್ನು ಸಿಂಪಡಿಸಿದರೆ ಅದರ ಶೇಷ ಹಲವು ತಿಂಗಳು ಉಳಿದು, ಅದರ ಮೇಲೆ ನಡೆದ ತಿಗಣೆಗಳನ್ನು ಕೊಲ್ಲುತ್ತದೆ. 1991ರಲ್ಲಿ ಅರ್ಜೆಂಟೀನ, ಬೊಲಿವಿಯ, ಬ್ರೆಜಿಲ್, ಚಿಲಿ, ಪರಾಗ್ವೆ, ಉರುಗ್ವೆ ದೇಶಗಳು ಕೂಡಿ ಕೈಗೊಂಡ ಅಭಿಯಾನದ ಫಲವಾಗಿ, ಟ್ರಯಾಟೊಮ ಇನ್‌ಫೆಸ್ಟನ್ಸ್‌ನಿಂದ ಆಗುತ್ತಿದ್ದ ಹರಡುವಿಕೆ ನಿಂತಿದೆ ಎಂದು ಉರುಗ್ವೆಗೆ 1997ರಲ್ಲಿ, ಚಿಲಿಗೆ 1999ರಲ್ಲಿ, ಬ್ರೆಜಿಲ್‌ಗೆ 2006ರಲ್ಲಿ ಪ್ರಮಾಣಪತ್ರ ದೊರೆಯಿತು. ಮಧ್ಯ ಅಮೆರಿಕದಲ್ಲಿ ರಾಡ್ನಿಯಸ್ ಪ್ರೊಲಿಕ್ಸಸ್ ಕೂಡ ಇದೇ ರೀತಿ ಹಿಮ್ಮೆಟ್ಟಿತು. ಲಸಿಕೆ ಇಲ್ಲದ ಒಂದು ಕಾಯಿಲೆಯ ವಿರುದ್ಧ ಇದು ಸಣ್ಣ ಗೆಲುವಲ್ಲ.

ಮನೆಯವರು ತಾವೇ ಔಷಧಿ ಹೊಡೆಯುವುದಕ್ಕಿಂತ ತರಬೇತಿ ಪಡೆದವರಿಂದ ಮಾಡಿಸುವುದು ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಜಿರಳೆ, ಸೊಳ್ಳೆಗಳ ಸ್ಪ್ರೇಗಳು ಬಿರುಕಿನ ಆಳಕ್ಕೆ ಇಳಿಯುವುದಿಲ್ಲ, ಗೋಡೆಯ ಮೇಲೆ ಹೆಚ್ಚು ಕಾಲ ನಿಲ್ಲುವುದೂ ಇಲ್ಲ.

ಹಾಗಿದ್ದರೆ ಗ್ರಾನ್ ಚಾಕೊ ಪ್ರದೇಶದಲ್ಲಿ ಸಮಸ್ಯೆ ಏಕೆ ಉಳಿದಿದೆ?

ಅರ್ಜೆಂಟೀನ, ಬೊಲಿವಿಯ, ಪರಾಗ್ವೆಗಳ ನಡುವೆ ಹರಡಿದ ಈ ಒಣ ಕುರುಚಲು ಕಾಡಿನ ನಾಡಿನಲ್ಲಿ ಮನೆಗಳು ಒಂದರಿಂದ ಒಂದು ದೂರ, ರಸ್ತೆ ದುಸ್ತರ, ಪ್ರತಿ ಮನೆಯ ಸುತ್ತಲೂ ಮೇಕೆದೊಡ್ಡಿ, ಕೋಳಿಗೂಡು, ಮುಳ್ಳುಬೇಲಿಗಳ ರಾಶಿ. ಒಳಗೋಡೆಗೆ ಹೊಡೆದ ಔಷಧಿ ಹಲವು ತಿಂಗಳು ಕೆಲಸ ಮಾಡಿದರೂ ಹೊರಗಿನ ದೊಡ್ಡಿಯಲ್ಲಿ ಬಿಸಿಲು ಮಳೆಗೆ ಸಿಕ್ಕಿದ್ದು ಬೇಗ ಸತ್ವ ಕಳೆದುಕೊಳ್ಳುತ್ತದೆ. ಅಲ್ಲಿ ಉಳಿದುಕೊಂಡ ತಿಗಣೆಗಳೇ ಮರಳಿ ಮನೆ ಸೇರುತ್ತವೆ. ಅರ್ಜೆಂಟೀನದ ಸಾಲ್ಟ ಪ್ರಾಂತ್ಯದಲ್ಲಿಯೂ ಬೊಲಿವಿಯದ ಕೆಲವು ಭಾಗಗಳಲ್ಲಿಯೂ ಪೈರೆಥ್ರಾಯ್ಡ್‌ಗೆ ಜಗ್ಗದ ತಿಗಣೆಗಳು ಕಂಡುಬಂದಿವೆ. ಬೊಲಿವಿಯದ ಆಂಡಿಸ್ ಕಣಿವೆಗಳಲ್ಲಿ ಟ್ರಯಾಟೊಮ ಇನ್‌ಫೆಸ್ಟನ್ಸ್ ಕಾಡಿನ ಬಂಡೆಗಳ ನಡುವೆಯೂ ಬದುಕುತ್ತದೆ. ಇವೆಲ್ಲದರ ಜೊತೆಗೆ, ಕಾಯಿಲೆ ಇಳಿಮುಖವಾದ ಕೂಡಲೇ ಹಣ ಮತ್ತು ಸಿಬ್ಬಂದಿಯನ್ನು ಬೇರೆ ಕಡೆಗೆ ಹರಿಸಿದ್ದು ದೊಡ್ಡ ತಪ್ಪು. ತಿಗಣೆ ನಿಧಾನವಾಗಿ ಹೆಚ್ಚುವ ಕೀಟ. ನಾವು ಎರಡು ಮೂರು ವರ್ಷ ನೋಡುವುದನ್ನು ಬಿಟ್ಟರೆ ಅದಕ್ಕೆ ಸಾಕಾಗುತ್ತದೆ.

ಔಷಧಿಯ ಬದಲು ಗೋಡೆಯನ್ನೇ ಸರಿಪಡಿಸಿದರೆ?

ಬದಲು ಎನ್ನುವುದಕ್ಕಿಂತ ಜೊತೆಗೆ ಎನ್ನೋಣ. ಗ್ವಾಟೆಮಾಲದ ಹುಟಿಯಾಪ ಪ್ರಾಂತ್ಯದಲ್ಲಿ ನಡೆದ ಕೆಲಸ ಇದಕ್ಕೆ ಅತ್ಯುತ್ತಮ ಮಾದರಿ. ಅಲ್ಲಿರುವ ಟ್ರಯಾಟೊಮ ಡಿಮಿಡಿಯೇಟ ಸುತ್ತಲಿನ ಕಾಡಿನಿಂದ ಮತ್ತೆ ಮತ್ತೆ ಮನೆಗೆ ಬರುತ್ತಿದ್ದುದರಿಂದ ಬರೀ ಸಿಂಪಡಣೆ ಸಾಕಾಗುತ್ತಿರಲಿಲ್ಲ. ಸ್ಯಾನ್ ಕಾರ್ಲೋಸ್ ವಿಶ್ವವಿದ್ಯಾಲಯದ ಸಂಶೋಧಕರು ಊರವರ ಜೊತೆ ಕುಳಿತು, ಸ್ಥಳದಲ್ಲಿಯೇ ಸಿಗುವ ಮಣ್ಣು, ಮರಳು, ಸುಣ್ಣ, ಜ್ವಾಲಾಮುಖಿಯ ಬೂದಿಗಳನ್ನು ಬೆರೆಸಿ ಬಿರುಕು ಬಿಡದ ಗಿಲಾವನ್ನು ತಯಾರಿಸಿದರು. ಗೋಡೆಗೆ ಆ ಗಿಲಾವು, ಮಣ್ಣಿನ ನೆಲಕ್ಕೆ ಅಂತಹುದೇ ಗಟ್ಟಿ ಹಾಸು, ಕೋಳಿಗಳಿಗೆ ಮನೆಯ ಹೊರಗೆ ಗೂಡು. ಸಿಮೆಂಟಿನಷ್ಟು ಖರ್ಚಿಲ್ಲ, ಕೆಲಸವನ್ನು ಮನೆಯವರೇ ಮಾಡಬಲ್ಲರು. ಗೋಡೆಗೆ ಸಾರಣೆ ಮಾಡಿ ಗೊತ್ತಿರುವ ನಮ್ಮ ಹಳ್ಳಿಯವರಿಗೆ ಇದರ ಮರ್ಮ ಬೇಗ ಅರ್ಥವಾಗುತ್ತದೆ: ಕೈಯಲ್ಲಿ ಸವರಿದರೆ ಎಲ್ಲಿಯೂ ತಡೆಯದ ಗೋಡೆಯಲ್ಲಿ ತಿಗಣೆಗೆ ಹಗಲು ಕಳೆಯಲು ಜಾಗವಿಲ್ಲ.

ಗೋಡೆಯ ಕೆಳಭಾಗಕ್ಕೆ ಮಾತ್ರ ಗಿಲಾವು ಮಾಡಿ ಮೇಲ್ಭಾಗವನ್ನು ಹಾಗೆಯೇ ಬಿಡುವುದು ಪ್ರಯೋಜನಕ್ಕೆ ಬಾರದು. ತಿಗಣೆ ಮೇಲಕ್ಕೆ ಹೋಗುತ್ತದೆ, ಅಷ್ಟೇ.

ಸೊಳ್ಳೆಪರದೆ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಬೇಕು, ಮಂಚವನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದಿರಬೇಕು. ಕೀಟನಾಶಕ ಸವರಿದ ಪರದೆಯಾದರೆ ಇನ್ನೂ ಉತ್ತಮ.

ತಿಗಣೆ ಕಚ್ಚದೆಯೂ ಸೋಂಕು ತಗುಲಬಹುದೇ?

ತಗುಲಬಹುದು. ಸೋಂಕಿತ ತಾಯಿಯಿಂದ ಮಗುವಿಗೆ, ರಕ್ತದಾನ ಮತ್ತು ಅಂಗಾಂಗ ಕಸಿಯ ಮೂಲಕ, ಇನ್ನು ಆಹಾರದ ಮೂಲಕವೂ ಬರುತ್ತದೆ. ಕಬ್ಬನ್ನೋ ಹಣ್ಣನ್ನೋ ಅರೆಯುವಾಗ ಅದರಲ್ಲಿದ್ದ ತಿಗಣೆಯೂ ಸೇರಿಹೋದರೆ ಒಂದೇ ಸಲ ಹಲವರಿಗೆ ಸೋಂಕಾಗುತ್ತದೆ, ಅದು ತೀವ್ರವಾಗಿಯೂ ಇರುತ್ತದೆ. 2005ರಲ್ಲಿ ಬ್ರೆಜಿಲ್‌ನ ಸಾಂಟ ಕ್ಯಾಟರೀನ ರಾಜ್ಯದಲ್ಲಿ ಕಬ್ಬಿನ ಹಾಲು, 2007ರಲ್ಲಿ ವೆನೆಜುವೆಲದ ಕರಾಕಸ್‌ನ ಶಾಲೆಯೊಂದರಲ್ಲಿ ಸೀಬೆಹಣ್ಣಿನ ರಸ ಇಂತಹ ಅನಾಹುತಕ್ಕೆ ಕಾರಣವಾಗಿದ್ದವು. ಅಮೆಜಾನ್ ಸೀಮೆಯಲ್ಲಿ ಅಸಾಯಿ ಹಣ್ಣಿನ ರಸವನ್ನು ಬಿಸಿನೀರಿನ ಸಂಸ್ಕರಣೆ ಇಲ್ಲದೆ ಕುಡಿಯಬಾರದು ಎನ್ನುವುದು ಇದೇ ಕಾರಣಕ್ಕೆ.

ಸೋಂಕಾಗಿದೆ ಎಂದು ಅನುಮಾನವಿದ್ದರೆ ಚಿಕಿತ್ಸೆ ಇದೆಯೇ?

ಇದೆ. ಬೆಂಜ್ನಿಡಜೋಲ್ ಮತ್ತು ನಿಫುರ್ಟಿಮಾಕ್ಸ್ ಎಂಬ ಎರಡು ಔಷಧಿಗಳಲ್ಲಿ ಒಂದನ್ನು ಸುಮಾರು ಎರಡು ತಿಂಗಳು ಕೊಡುತ್ತಾರೆ. ಹುಟ್ಟಿನಿಂದ ಬಂದ ಸೋಂಕನ್ನು ಶೈಶವದಲ್ಲಿಯೇ ಪತ್ತೆಹಚ್ಚಿ ಚಿಕಿತ್ಸೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಗುಣವಾಗುತ್ತಾರೆ. ವರ್ಷಗಳು ಉರುಳಿದಂತೆ ಔಷಧಿಯ ಪ್ರಭಾವ ಇಳಿಯುತ್ತದೆ. ಗರ್ಭಿಣಿಯರಿಗೆ ಇವನ್ನು ಕೊಡುವುದಿಲ್ಲ. ಚಿಕಿತ್ಸೆ ಪಡೆದ ಮಗು ಮರಳಿ ಹೋಗುವುದು ತಿಗಣೆ ತುಂಬಿದ ಅದೇ ಮನೆಗಾದರೆ ಮರುಸೋಂಕನ್ನು ಔಷಧಿ ತಡೆಯಲಾರದು, ಆದ್ದರಿಂದ ಚಿಕಿತ್ಸೆಗೆ ಮೊದಲೇ ಮನೆಯಲ್ಲಿನ ತಿಗಣೆಗಳನ್ನು ನಿರ್ಮೂಲ ಮಾಡಿರಬೇಕು.

ಕರ್ನಾಟಕದಲ್ಲಿ ಈ ಕಾಯಿಲೆಯ ಭಯ ಇದೆಯೇ?

ತಿಗಣೆಯಿಂದ ಹರಡುವ ಚಾಗಸ್ ಕಾಯಿಲೆ ಭಾರತದಲ್ಲಿ ಇಲ್ಲ. ಟ್ರಯಾಟೊಮಿನ್ ತಿಗಣೆಗಳು ಮಾತ್ರ ಇಲ್ಲಿಯೂ ಇವೆ. ಲಿನ್ಶ್ಕಾಸ್ಟಿಯಸ್ ಎಂಬ ಕುಲದ ಆರು ಜಾತಿಗಳು ಜಗತ್ತಿನಲ್ಲಿ ಭಾರತವೊಂದರಲ್ಲಿಯೇ ಸಿಗುತ್ತವೆ. ಇಲಿಗಳ ಜೊತೆ ಹಡಗೇರಿ ಬಂದರುಗಳಿಗೆ ಹಬ್ಬಿದ ಟ್ರಯಾಟೊಮ ರುಬ್ರೊಫ್ಯಾಸಿಯೇಟ ಕೂಡ ನಮ್ಮಲ್ಲಿದೆ. ಅದು ಇಲಿಗಳ ನಡುವೆ ಟ್ರಿಪನೊಸೋಮ ಕೊನೊರೈನಿ ಎಂಬ ಬೇರೊಂದು ಜೀವಿಯನ್ನು ಹರಡುತ್ತದೆ. ಅದು ಕಚ್ಚಿದ ಕೆಲವರಲ್ಲಿ ತೀವ್ರ ಅಲರ್ಜಿ ಕಂಡುಬಂದಿದೆ. ಹಾಸಿಗೆಯ ತಿಗಣೆಯ ಬಗ್ಗೆಯೂ ಕೇಳುವವರಿದ್ದಾರೆ: ಪ್ರಯೋಗಾಲಯದಲ್ಲಿ ಅದು ಇಲಿಗಳ ನಡುವೆ ಚಾಗಸ್ ಪರೋಪಜೀವಿಯನ್ನು ದಾಟಿಸಿದ್ದುಂಟು, ಮನುಷ್ಯರಿಗೆ ಹಾಗೆ ಹರಡಿದ ದಾಖಲೆ ಇಲ್ಲ.

ಟೆಕ್ಸಸ್, ಅರಿಜೋನದಂತಹ ಕಡೆ ಇರುವ ಕನ್ನಡಿಗರು ಏನು ಮಾಡಬೇಕು?

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಲವು ಜಾತಿಗಳಿವೆ, ಅವುಗಳಲ್ಲಿ ಸೋಂಕೂ ಇದೆ. ಅಲ್ಲಿನ ಮನೆಗಳ ರಚನೆಯಿಂದಾಗಿ ತಿಗಣೆಗಳು ಒಳಗೆ ನೆಲೆಸುವುದು ಕಡಿಮೆ, ಸ್ಥಳೀಯವಾಗಿ ಮನುಷ್ಯರಿಗೆ ಸೋಂಕಾಗುವುದೂ ವಿರಳ. ಹೊರಗೆ ಮಲಗುವ ನಾಯಿಗಳಿಗೆ ಮಾತ್ರ ಆಗಾಗ ತಗುಲುತ್ತದೆ. ಬೇಸಿಗೆಯ ರಾತ್ರಿಗಳಲ್ಲಿ ರೆಕ್ಕೆ ಬಂದ ತಿಗಣೆಗಳು ದೀಪಕ್ಕೆ ಹಾರಿ ಬರುವುದರಿಂದ ಬಾಗಿಲಿನ ಹೊರಗಿನ ದೀಪವನ್ನು ಆರಿಸಿಡಿ, ಕಿಟಕಿಯ ಜಾಲರಿಯ ತೂತುಗಳನ್ನು, ಬಾಗಿಲಿನ ಅಡಿಯ ಸಂದನ್ನು ಮುಚ್ಚಿ, ಸೌದೆ ಮತ್ತು ಕಲ್ಲಿನ ರಾಶಿಯನ್ನು ಗೋಡೆಯಿಂದ ದೂರವಿಡಿ, ನಾಯಿಯನ್ನು ಮನೆಯೊಳಗೆ ಮಲಗಿಸಿ.

ತಿಗಣೆ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಹೊಸಕಬೇಡಿ. ಕೈಗವಸು ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಅದು ಓಡಾಡಿದ ಜಾಗವನ್ನು ಬ್ಲೀಚ್ ದ್ರಾವಣದಿಂದ ಒರೆಸಿ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಸಾರ್ವಜನಿಕರು ಕಳಿಸಿದ ತಿಗಣೆಗಳನ್ನು ಗುರುತಿಸಿ ಅಧ್ಯಯನ ಮಾಡುವ ಕೆಲಸವನ್ನು 2013ರಿಂದ ನಡೆಸಿಕೊಂಡು ಬಂದಿದೆ. ತಿಗಣೆ ಹಾಸಿಗೆಯಲ್ಲಿಯೇ ಸಿಕ್ಕಿದ್ದರೆ, ಅಥವಾ ಅದರ ಹೊಟ್ಟೆ ರಕ್ತದಿಂದ ಉಬ್ಬಿದ್ದರೆ, ಅಂದು ಅದೇ ಕೋಣೆಯಲ್ಲಿ ಮಲಗಿದ್ದವರೆಲ್ಲರೂ ವೈದ್ಯರನ್ನು ಕಂಡು ರಕ್ತಪರೀಕ್ಷೆಯ ಬಗ್ಗೆ ವಿಚಾರಿಸಬೇಕು, ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.